ಹಳೆಯ ಸರಕು ವಾಹನಗಳಲ್ಲಿ ಒಡೆದ ಕೂಲೆಂಟ್ ಕನೆಕ್ಟರ್: ಬದಲಾವಣೆ ಹೇಗೆ?

ಸಾಲಿಗ್ರಾಮ, ಕೆ.ಆರ್. ನಗರ ಭಾಗದ ಭತ್ತ, ಹುಣಸೂರು ಮತ್ತು ಪಿರಿಯಾಪಟ್ಟಣದ ಹೊಗೆಸೊಪ್ಪು, ಶುಂಠಿ ಹಲವೆಡೆ ಇಂದಿಗೂ ಹಳೆಯ ಲಾರಿ ಹಾಗೂ ಪಿಕಪ್‌ಗಳಲ್ಲಿಯೇ ಮಾರುಕಟ್ಟೆ ಸೇರುತ್ತವೆ. ಮೈಸೂರಿನ ಬಂಡಿಪಾಳ್ಯಕ್ಕೆ ಹೊರಟ ವಾಹನ ನಡುದಾರಿಯಲ್ಲಿ ಕಾದು ನಿಂತರೆ ಬಾಡಿಗೆಯೊಡನೆ ಅಂದಿನ ಧಾರಣೆಯೂ ಕೈತಪ್ಪುತ್ತದೆ. ಇದಕ್ಕೆ ಕಾರಣ ಹೋಸ್ ಪೈಪುಗಳನ್ನು ಜೋಡಿಸುವ ಒಂದು ಸಣ್ಣ ಪ್ಲಾಸ್ಟಿಕ್ ಕನೆಕ್ಟರ್ ಆಗಿರಬಹುದು.

ಒಡೆಯಲು ಕಾರಣ

ಈ ಕನೆಕ್ಟರ್‌ಗಳನ್ನು ಸಾಮಾನ್ಯವಾಗಿ ಗಾಜಿನ ನಾರು ಬೆರೆಸಿದ ನೈಲಾನ್‌ನಿಂದ ತಯಾರಿಸಲಾಗುತ್ತದೆ. ಇಂಜಿನ್ ಚಾಲನೆಯಲ್ಲಿರುವಾಗ ಕೂಲೆಂಟ್ ಸುಮಾರು 80ರಿಂದ 95 ಡಿಗ್ರಿ ಸೆಲ್ಸಿಯಸ್ ಬಿಸಿಯಿದ್ದು, ಒತ್ತಡದಲ್ಲಿ ಹರಿಯುತ್ತದೆ. ವರ್ಷಗಟ್ಟಲೆ ಕಾದು ತಣಿಯುವುದರಿಂದ ನೈಲಾನ್ ತನ್ನ ಬಾಗುವ ಗುಣ ಕಳೆದುಕೊಂಡು ಪೆಡಸಾಗುತ್ತದೆ. ಒಂದು ಕನೆಕ್ಟರ್ ಒಡೆದಿದೆಯೆಂದರೆ ಅದರೊಡನೆ ಅಳವಡಿಸಿದ ಉಳಿದವುಗಳ ಆಯಸ್ಸೂ ಮುಗಿಯುತ್ತಾ ಬಂದಿದೆಯೆಂದೇ ತಿಳಿಯಬೇಕು. ಆದ್ದರಿಂದ ಎಲ್ಲವನ್ನೂ ಒಟ್ಟಿಗೆ ಬದಲಿಸುವುದು ಲಾಭದಾಯಕ.

ಯಾವುದನ್ನು ಬಳಸಬೇಕು?

ಎರಡು ರಬ್ಬರ್ ಹೋಸ್‌ಗಳ ನಡುವಿನ ಜೋಡಣೆಗೆ ಹೋಸ್‌ನ ಒಳವ್ಯಾಸಕ್ಕೆ ಸರಿಹೊಂದುವ ಹಿತ್ತಾಳೆ ಅಥವಾ ಅಲ್ಯೂಮಿನಿಯಂ ಕನೆಕ್ಟರ್ ಸೂಕ್ತ. ಓ-ರಿಂಗ್ ಸಹಿತ ಇಂಜಿನ್‌ಗೆ ನೇರವಾಗಿ ಕೂರುವ ಭಾಗಕ್ಕೆ ಅದೇ ಮಾದರಿಯ ಹೊಸ ಬಿಡಿಭಾಗವನ್ನೇ ತರಬೇಕು. ಹನಿ ನೀರಾವರಿಯ ಜಾಯಿನರ್ ಅಥವಾ ಪಿವಿಸಿ ಪೈಪಿನ ತುಂಡು ಮನೆಯಲ್ಲಿದೆಯೆಂದು ಬಳಸಬಾರದು. ಪಿವಿಸಿ ಸುಮಾರು 80 ಡಿಗ್ರಿಗೇ ಮೆದುವಾಗಿ, ಒತ್ತಡಕ್ಕೆ ಕಳಚಿಕೊಳ್ಳುತ್ತದೆ.

ಬದಲಿಸುವ ಕ್ರಮ

1. ಇಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ರೇಡಿಯೇಟರ್ ಮುಚ್ಚಳ ತೆರೆಯಿರಿ. ಬಿಸಿಯಿರುವಾಗ ತೆರೆದರೆ ಕುದಿಯುವ ದ್ರವ ಚಿಮ್ಮಿ ಮುಖ, ಕೈ ಸುಡುತ್ತದೆ.
2. ಕೂಲೆಂಟನ್ನು ಬಕೆಟ್‌ಗೆ ಇಳಿಸಿಕೊಳ್ಳಿ.
3. ಒಡೆದ ಚೂರುಗಳನ್ನೆಲ್ಲ ಹೊರತೆಗೆಯಿರಿ. ಒಳಗುಳಿದ ಚೂರು ರೇಡಿಯೇಟರ್‌ನಲ್ಲಿ ಅಥವಾ ಥರ್ಮೋಸ್ಟಾಟ್‌ನಲ್ಲಿ ಸಿಲುಕಬಹುದು.
4. ಬಿರುಕು ಬಿಟ್ಟ, ಉಬ್ಬಿದ ಅಥವಾ ಗಟ್ಟಿಯಾದ ಹೋಸನ್ನೂ ಬದಲಿಸಿ.
5. ಕನೆಕ್ಟರ್‌ನ ಅಂಚಿನ ಉಬ್ಬು ದಾಟುವವರೆಗೆ ಹೋಸನ್ನು ತೂರಿಸಿ, ಉಬ್ಬಿನ ಹಿಂದೆ ಕ್ಲಾಂಪ್ ಬಿಗಿಯಿರಿ. ರಬ್ಬರ್ ಕತ್ತರಿಸುವಷ್ಟು ಬಿಗಿಯುವುದು ಬೇಡ.
6. ವಾಹನದ ಕೈಪಿಡಿಯಲ್ಲಿ ಸೂಚಿಸಿದ ಬಗೆಯ ಕೂಲೆಂಟ್ ತುಂಬಿ. ಬೆರೆಸುವ ಬಗೆಯದಾದರೆ ಡಿಸ್ಟಿಲ್ಡ್ ವಾಟರ್ ಸೇರಿಸಿ. ಕೊಳವೆಬಾವಿಯ ಗಡಸು ನೀರಿನಿಂದ ರೇಡಿಯೇಟರ್ ಒಳಗೆ ಸುಣ್ಣದ ಪದರ ಕಟ್ಟುತ್ತದೆ.
7. ಇಂಜಿನ್ ಚಾಲೂ ಮಾಡಿ, ಕೈಪಿಡಿಯಂತೆ ಒಳಗಿನ ಗಾಳಿ ಹೊರಬಿಡಿ. ಸೋರಿಕೆ ಪರೀಕ್ಷಿಸಿ, ತಣಿದ ಮೇಲೆ ಮಟ್ಟ ನೋಡಿ ತುಂಬಿ.

ದಾರಿಯಲ್ಲಿ ಸೋರಿದರೆ

ತಕ್ಷಣ ಇಂಜಿನ್ ನಿಲ್ಲಿಸಿ. ಕೂಲೆಂಟ್ ಪೂರ್ತಿ ಸೋರಿಹೋದರೆ ಸೆನ್ಸರ್‌ಗೆ ದ್ರವ ತಾಗದೆ, ಉಷ್ಣತೆಯ ಮುಳ್ಳು ಮೇಲೇರದೆಯೂ ಇರಬಹುದು. ಮುಳ್ಳನ್ನೇ ನಂಬಿ ಮುಂದೆ ಓಡಿಸಿದರೆ ಸಿಲಿಂಡರ್ ಹೆಡ್ ಬಾಗುತ್ತದೆ. ಕಾದ ಇಂಜಿನ್‌ಗೆ ತಣ್ಣೀರು ಸುರಿದರೆ ಅದು ಬಿರುಕು ಬಿಡಬಹುದು.

ಜಾನುವಾರುಗಳ ಬಗ್ಗೆ ಎಚ್ಚರಿಕೆ

ಸಾಮಾನ್ಯ ಕೂಲೆಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಆದರೆ ವಿಷ. ಕುಡಿದ ದನ, ನಾಯಿಗಳ ಮೂತ್ರಪಿಂಡ ಕೆಟ್ಟು ಸಾವು ಸಂಭವಿಸಬಹುದು. ಹಳೆಯ ಕೂಲೆಂಟನ್ನು ಕೊಟ್ಟಿಗೆಯ ಬಳಿ ಇಡದೆ, ನಾಲೆಗೂ ಚೆಲ್ಲದೆ, ಮುಚ್ಚಿದ ಕ್ಯಾನ್‌ನಲ್ಲಿ ಗ್ಯಾರೇಜಿಗೆ ಒಪ್ಪಿಸಬೇಕು.

ಕೊಯ್ಲು ಆರಂಭವಾಗುವ ಮೊದಲೇ ಬಿಡುವಿನ ಒಂದು ದಿನ ಈ ತಪಾಸಣೆ ಮಾಡಿಕೊಳ್ಳುವುದು ಸೂಕ್ತ. ಬೆಳೆ ವಾಹನಕ್ಕೇರಿದ ಮೇಲೆ ದುರಸ್ತಿಗೆ ಸಮಯವಿರುವುದಿಲ್ಲ.