ಗಾಲಿ ನಮ್ಮದು, ಗಾಡಿ ಯಾರದ್ದು? ಬೆಂಗಳೂರಿನ ವಿಡಿಯೊ ಗೇಮ್ ಕಥೆ

ಅಟ್ಟೂರು ಲೇಔಟ್ ಕಡೆಯವರಿಗೆ ಯಲಹಂಕದ ರೈಲು ಗಾಲಿ ಕಾರ್ಖಾನೆ ಗೊತ್ತೇ ಇರುತ್ತೆ. ಹಳಬರು ಇವತ್ತಿಗೂ ಅದನ್ನ ‘ವೀಲ್ ಅಂಡ್ ಆಕ್ಸಲ್’ ಅಂತಾನೇ ಕರೀತಾರೆ. ಅಲ್ಲಿ ತಯಾರಾದ ಗಾಲಿಗಳ ಮೇಲೆ ದೇಶದ ಎಷ್ಟೋ ರೈಲುಗಳು ಓಡ್ತವೆ. ಆದರೆ ಸೀಟಲ್ಲಿ ಕೂತವರು ಯಾರೂ ಈ ಗಾಲಿ ಎಲ್ಲಿಂದ ಬಂತು ಅಂತ ಕೇಳಲ್ಲ. ನಮ್ಮ ಊರಿನ ವಿಡಿಯೊ ಗೇಮ್ ಉದ್ಯಮದ ಕಥೆಯೂ ಹೆಚ್ಚುಕಮ್ಮಿ ಹೀಗೇ.

ಧ್ರುವ ಇಂಟರಾಕ್ಟಿವ್ ಅನ್ನೋ ಹೆಸರು ಕೇಳಿದ್ದೀರಾ? ರಾಜೇಶ್ ರಾವ್ ಬೆಂಗಳೂರಲ್ಲಿ ಕಟ್ಟಿದ ಕಂಪನಿ. 1997ರ ಹೊತ್ತಿಗೇ ಗೇಮ್ ಕೆಲಸಕ್ಕೆ ಇಳಿದ, ದೇಶದ ಮೊಟ್ಟಮೊದಲ ಸ್ಟುಡಿಯೊಗಳಲ್ಲಿ ಒಂದು. ಮೈಕ್ರೋಸಾಫ್ಟ್‌ನ ‘ಫೋರ್ಜಾ’ ರೇಸಿಂಗ್ ಸರಣಿಯ ಕಲೆಯಲ್ಲಿ ಇಲ್ಲಿನ ಕಲಾವಿದರ ಕೈಯೂ ಇದೆ.

ಗೇಮ್‌ಗೆ ಒಂದು ಕಾರ್ ಮಾಡೋದು ಅಂದ್ರೆ ಏನು? ಫೋಟೊ, ಅಳತೆ ನೋಡ್ಕೊಂಡು ಕಂಪ್ಯೂಟರ್‌ನಲ್ಲಿ ಸಾವಿರಾರು ಪುಟ್ಟ ತ್ರಿಕೋನಗಳನ್ನ ಜೋಡಿಸಿ ಆಕಾರ ಕೊಡಬೇಕು. ಆಮೇಲೆ ಬಣ್ಣ, ಹೊಳಪು, ಗೀರು. ತ್ರಿಕೋನ ಹೆಚ್ಚಾದಷ್ಟೂ ಕಾರ್ ನಿಜದ್ದರ ಹಾಗೆ ಕಾಣುತ್ತೆ. ಆದರೆ ತೀರಾ ಹೆಚ್ಚಾದ್ರೆ ಆಟವೇ ತಡವರಿಸುತ್ತೆ. ಯಾವುದನ್ನ ಉಳಿಸಬೇಕು, ಯಾವುದನ್ನ ಬಿಡಬೇಕು ಅಂತ ತೀರ್ಮಾನ ಮಾಡೋದಕ್ಕೆ ಕಲಾವಿದನ ಕಣ್ಣೂ ಬೇಕು, ಎಂಜಿನಿಯರ್‌ನ ಲೆಕ್ಕವೂ ಬೇಕು.

ಇನ್ನು ದುಡ್ಡಿನ ವಿಷಯ. ಹೊರಗುತ್ತಿಗೆ ಕೆಲಸಕ್ಕೆ ಸಾಮಾನ್ಯವಾಗಿ ಮಾಡಿದಷ್ಟಕ್ಕೆ ಕೂಲಿ. ಗೇಮ್ ಒಂದು ಲಕ್ಷ ಪ್ರತಿ ಹೋದ್ರೂ ಅಷ್ಟೇ, ಒಂದು ಕೋಟಿ ಹೋದ್ರೂ ಅಷ್ಟೇ. ಹಕ್ಕು ಪ್ರಕಾಶಕರದ್ದು.

ಸ್ವೀಡನ್ನಿನ ಸ್ಟಾರ್‌ಬ್ರೀಜ್ ಕಂಪನಿ ಧ್ರುವವನ್ನ ಕೊಂಡುಕೊಳ್ತು. ಅದೇ ಕಂಪನಿ ಹಣಕಾಸಿನ ಕಷ್ಟಕ್ಕೆ ಸಿಕ್ಕಿ 2019ರಲ್ಲಿ ಧ್ರುವವನ್ನ ರಾಕ್‌ಸ್ಟಾರ್ ಗೇಮ್ಸ್‌ಗೆ ಮಾರಿಬಿಡ್ತು. ಬೆಲೆ 79 ಲಕ್ಷ ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 55 ಕೋಟಿ ರೂಪಾಯಿ. ಅದೇ ರಾಕ್‌ಸ್ಟಾರ್‌ನ ‘ಜಿಟಿಎ 5’ 2013ರಲ್ಲಿ ಬಿಡುಗಡೆಯಾದ ಮೂರೇ ದಿನಕ್ಕೆ 100 ಕೋಟಿ ಡಾಲರ್ ಮಾರಾಟ ಕಂಡಿತ್ತು. ಇಪ್ಪತ್ತು ವರ್ಷ ದಾಟಿದ ಕೈಚಳಕದ ಬೆಲೆಗೂ ಒಂದು ಗೇಮ್‌ನ ಹಕ್ಕಿನ ಬೆಲೆಗೂ ಇರೋ ಅಂತರ ಇದು.

ಹಾಗಾದ್ರೆ ಸ್ವಂತ ಗೇಮ್ ಮಾಡಬಹುದಲ್ವಾ? ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಆ ದಾರಿ ಹಿಡೀತು. ‘ರಾಜಿ’ ಅನ್ನೋ ಗೇಮ್‌ಗೆ ಅವರು 2017ರಲ್ಲಿ ಜನರಿಂದ ಹಣ ಕೂಡಿಸೋಕೆ ಹೋಗಿ ಸೋತರು. ಸ್ಥಾಪಕರಲ್ಲಿ ಒಬ್ಬರು ಫ್ಲಾಟ್ ಮಾರಿದರು. 2020ರಲ್ಲಿ ಗೇಮ್ ಬಂತು, ಹೆಸರೂ ಬಂತು. ಆದರೆ ಗೇಮ್ ಮಾರೋವಾಗ ಪಾಲು ಕೇಳೋರೂ ಇರ್ತಾರೆ. ಸ್ಟೀಮ್‌ನಂಥ ಅಂಗಡಿ ಸಾಮಾನ್ಯವಾಗಿ ನೂರಕ್ಕೆ 30 ಹಿಡಿಯುತ್ತೆ. ಅನ್‌ರಿಯಲ್ ಎಂಜಿನ್ ಬಳಸಿದ್ರೆ, ಗಳಿಕೆ 10 ಲಕ್ಷ ಡಾಲರ್ ದಾಟಿದ ಮೇಲೆ ಅದಕ್ಕೂ ನೂರಕ್ಕೆ 5.

ಅಂದ್ರೆ ತಿಂಗಳ ಸಂಬಳ ಬೇಡ ಅಂತಲ್ಲ. ಆ ಕೂಲಿ ಕೆಲಸದಿಂದಲೇ ಈ ಊರಲ್ಲಿ ನೂರಾರು ಜನ ಕಸುಬು ಕಲಿತರು, ಮನೆ ನಡೆಸಿದರು. ಆದರೆ ಗೇಮ್ ಕಂಪನಿ ಸೇರೋ ಆಸೆ ನಿಮಗಿದ್ರೆ, ಸಂಬಳ ಎಷ್ಟು ಅಂತ ಕೇಳೋ ಜತೆಗೆ ಇನ್ನೂ ಎರಡು ಪ್ರಶ್ನೆ ಕೇಳಿ: ನಾವು ಮಾಡಿದ್ದರ ಹಕ್ಕು ಯಾರಿಗೆ? ಕ್ರೆಡಿಟ್ಸ್‌ನಲ್ಲಿ ನನ್ನ ಹೆಸರು ಬರುತ್ತಾ?

ಮುಂದಿನ ಸಲ ಗೇಮ್ ಮುಗಿಸಿದಾಗ ಕ್ರೆಡಿಟ್ಸ್ ಓಡಿಸಿಬಿಡಬೇಡಿ, ಸ್ವಲ್ಪ ತಾಳಿ ನೋಡಿ. ನಮ್ಮೂರಿನ ಹೆಸರು ಸಿಕ್ಕರೂ ಸಿಗಬಹುದು.