ಹಿರಣ್ಯಕೇಶಿ ಕಣಿವೆಯ ಕೋಟೆಗಳು: ನೋಡುವ ಬಗೆ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ದೇಶ ಸುತ್ತುವುದೆಂದರೆ ದೂರದ ಊರುಗಳಿಗೇ ಹೋಗಬೇಕೆಂದೇನೂ ಇಲ್ಲ. ನೋಡುವ ಕಣ್ಣಿದ್ದವರಿಗೆ ತಮ್ಮೂರಿನ ಗುಡ್ಡವೂ ಒಂದು ಪುಸ್ತಕವೇ. ನಮ್ಮ ಭಾಗದ ಕೋಟೆಗಳು ಅಂಥ ಪುಸ್ತಕಗಳು. ಪ್ರವಾಸಕ್ಕೆ ಹೋದ ಎಷ್ಟೋ ವಿದ್ಯಾರ್ಥಿಗಳು ಕೋಟೆಯ ಮೇಲೆ ಬುತ್ತಿ ಬಿಚ್ಚಿ ಉಂಡು, ಚಿತ್ರ ತೆಗೆಸಿಕೊಂಡು ಮರಳುತ್ತಾರೆ. ಪುಸ್ತಕವನ್ನು ಮಾತ್ರ ತೆರೆಯುವುದಿಲ್ಲ. ಅದನ್ನು ಓದುವ ಬಗೆ ಹೇಗೆಂಬುದನ್ನು ಇಲ್ಲಿ ವಿಚಾರಿಸೋಣ.

ಮೊದಲು ಒಂದು ಪರದೇಶದ ಉದಾಹರಣೆ. ಜರ್ಮನಿಯಲ್ಲಿ ರೈನ್ ಎಂಬ ಮಹಾನದಿಯಿದೆ. ಬಿಂಗೆನ್ ಮತ್ತು ಕೋಬ್ಲೆಂಜ್ ಎಂಬ ಊರುಗಳ ನಡುವೆ ಸುಮಾರು 65 ಕಿಲೋಮೀಟರ್ ದೂರ ಅದು ಗುಡ್ಡಗಳ ನಡುವಿನ ಇಕ್ಕಟ್ಟಾದ ಕಣಿವೆಯಲ್ಲಿ ಹರಿಯುತ್ತದೆ. ಇಷ್ಟರಲ್ಲಿಯೇ ಸುಮಾರು ನಲವತ್ತು ಕೋಟೆಗಳು! ಇಷ್ಟೊಂದು ಏಕೆ? ನದಿಯೇ ಅಲ್ಲಿಯ ಹೆದ್ದಾರಿಯಾಗಿತ್ತು. ಸರಕು ತುಂಬಿದ ಹಡಗುಗಳನ್ನು ತಡೆದು ಸುಂಕ ವಸೂಲು ಮಾಡುವುದಕ್ಕಾಗಿ ಸಾಮಂತರು ದಂಡೆಯ ಗುಡ್ಡಗಳ ಮೇಲೆ ಕೋಟೆ ಕಟ್ಟಿದರು. ಕೌಬ್ ಎಂಬ ಊರಿನ ಬಳಿ ನದಿಯ ನಡುಗಡ್ಡೆಯ ಮೇಲೆಯೇ ಒಂದು ಸುಂಕದ ಕೋಟೆಯಿದೆ. ಯುನೆಸ್ಕೊ ಸಂಸ್ಥೆಯು 2002ರಲ್ಲಿ ಈ ಕಣಿವೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕೋಟೆ ಎಲ್ಲಿದೆ ಎಂದು ನೋಡಿದರೆ ಅದು ಏಕಿದೆ ಎಂಬುದು ತಿಳಿಯುತ್ತದೆ. ಇದು ನಮ್ಮ ಮೊದಲನೆಯ ಪಾಠ.

ಈಗ ನಮ್ಮ ನದಿಗೆ ಬರೋಣ. ಹಿರಣ್ಯಕೇಶಿಯು ಸಹ್ಯಾದ್ರಿಯ ಆಂಬೋಲಿಯ ಹತ್ತಿರ ಹುಟ್ಟಿ, ಆಜರಾ, ಗಡಹಿಂಗ್ಲಜ, ಸಂಕೇಶ್ವರಗಳ ಮೇಲೆ ಹಾಯ್ದು, ಮುಂದೆ ಘಟಪ್ರಭೆಯನ್ನು ಕೂಡುತ್ತದೆ. ರೈನ್ ನದಿಯಂತೆ ಇದರಲ್ಲಿ ಸರಕಿನ ಹಡಗುಗಳು ನಡೆಯಲಿಲ್ಲ. ಆದರೆ ನದಿಯ ಗುಂಟ ದಾರಿಯಿತ್ತು. ಬಯಲುಸೀಮೆಯಿಂದ ಆಂಬೋಲಿ ಘಾಟು ಇಳಿದರೆ ಸಾವಂತವಾಡಿ, ಅಲ್ಲಿಂದ ಮುಂದೆ ವೆಂಗುರ್ಲೆ ಬಂದರು. ಘಾಟಿನ ದಾರಿ ಯಾರ ಕೈಯಲ್ಲಿತ್ತೋ, ವ್ಯಾಪಾರವೂ ಅವರ ಕೈಯಲ್ಲಿತ್ತು. ಆದ್ದರಿಂದಲೇ ಗಡಹಿಂಗ್ಲಜದ ದಕ್ಷಿಣಕ್ಕೆ ಸಾಮಾನಗಡ, ಸಂಕೇಶ್ವರದ ಹತ್ತಿರ ಹರಗಾಪುರದ ಗುಡ್ಡದ ಮೇಲೆ ವಲ್ಲಭಗಡ, ಚಂದಗಡದ ಕಡೆಗೆ ಗಂಧರ್ವಗಡ, ಕಲಾನಂದಿಗಡ, ಪಾರಗಡ, ಮಹಿಪಾಲಗಡ ಹೀಗೆ ಕೋಟೆಗಳ ಒಂದು ಸಾಲೇ ಎದ್ದಿತು.

ಇವುಗಳಲ್ಲಿ ಹಲವನ್ನು ಮೊದಲು ಕಟ್ಟಿಸಿದವನು ಕೊಲ್ಹಾಪುರದ ಶಿಲಾಹಾರ ವಂಶದ ಎರಡನೆಯ ಭೋಜನೆಂದು ಪ್ರತೀತಿ. ಅವನು ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಆಳಿದವನು. ನಮ್ಮ ವಿದ್ಯಾರ್ಥಿಗಳು ಇಲ್ಲಿ ಒಂದು ಮಾತನ್ನು ನೆನಪಿಡಬೇಕು. ಈ ಶಿಲಾಹಾರರ ಹಲವು ಶಾಸನಗಳು ಹಳಗನ್ನಡದಲ್ಲಿವೆ. ಭೋಜನ ಕಾಲದಲ್ಲಿ, 1205ರಲ್ಲಿ, ಸೋಮದೇವನೆಂಬ ಜೈನ ಪಂಡಿತನು 'ಶಬ್ದಾರ್ಣವಚಂದ್ರಿಕೆ' ಎಂಬ ಸಂಸ್ಕೃತ ವ್ಯಾಕರಣ ಗ್ರಂಥವನ್ನು ಬರೆದದ್ದು ಇದೇ ನದಿಯ ದಂಡೆಯ ಆಜರೆಯಲ್ಲಿ. ಕನ್ನಡ, ಮರಾಠಿ, ಸಂಸ್ಕೃತ ಮೂರೂ ಈ ಮಣ್ಣಿನಲ್ಲಿ ಬೆರೆತಿವೆ. ಮನೆಯಲ್ಲಿ ಒಂದು ಭಾಷೆ, ಪೇಟೆಯಲ್ಲಿ ಒಂದು ಭಾಷೆ ಆಡುವ ನಮಗೆ ಇದರಲ್ಲಿ ಹೊಸದೇನಿದೆ? ಎಂಟುನೂರು ವರ್ಷಗಳ ಹಿಂದೆಯೂ ಇಲ್ಲಿಯ ಜನ ಹೀಗೆಯೇ ಬಾಳಿದ್ದರು. ಈ ಕೋಟೆಗಳು ಒಂದು ಭಾಷೆಯವರ ಸ್ವತ್ತಲ್ಲ, ನಮ್ಮೆಲ್ಲರವು.

ಕೋಟೆಯನ್ನು ಹತ್ತಿದಾಗ ನಾಲ್ಕು ಪ್ರಶ್ನೆ ಕೇಳಬೇಕು. ಇದು ಇಲ್ಲಿಯೇ ಏಕೆ? ನೀರು ಎಲ್ಲಿಂದ? ಕಾಳು ಎಲ್ಲಿ? ಕಾದವರು ಯಾರು? ಮೊದಲನೆಯ ಪ್ರಶ್ನೆಗೆ ಉತ್ತರ ಈಗಾಗಲೇ ಸಿಕ್ಕಿದೆ. ಉಳಿದ ಮೂರನ್ನು ನೋಡೋಣ.

ನೀರಿನ ಪ್ರಶ್ನೆಗೆ ಸಾಮಾನಗಡವೇ ಉತ್ತರ ಹೇಳುತ್ತದೆ. ಗಡಹಿಂಗ್ಲಜದಿಂದ ಸುಮಾರು ಹತ್ತು ಕಿಲೋಮೀಟರ್ ದೂರದ ಈ ಕೋಟೆಗೆ ನಿಸರ್ಗವೇ ಅರ್ಧ ಗೋಡೆ ಕಟ್ಟಿಕೊಟ್ಟಿದೆ. ಗುಡ್ಡದ ಅಂಚು ಕಡಿದಾದ ಬಂಡೆ. ಬಂಡೆ ಎಲ್ಲಿ ಮುರಿದಿದೆಯೋ ಅಲ್ಲಿ ಮಾತ್ರ ಮನುಷ್ಯ ಕಲ್ಲು ಪೇರಿಸಿ ಸಂದು ಮುಚ್ಚಿದ್ದಾನೆ. ಖರ್ಚು ಕಡಿಮೆ, ಭದ್ರತೆ ಹೆಚ್ಚು! ಮೇಲೆ ಜಂಬಿಟ್ಟಿಗೆಯ ಕಲ್ಲನ್ನು ಕೊರೆದು ಮಾಡಿದ ಬಾವಿಗಳಿವೆ. ಅವುಗಳಲ್ಲಿ 'ಸಾತ ಕಮಾನ' ಬಾವಿ ಬಹಳ ಚೆಲುವಾದದ್ದು. ಮೆಟ್ಟಿಲು ಇಳಿಯುತ್ತ ಹೋದಂತೆ ಒಂದರ ಹಿಂದೆ ಒಂದು ಕಮಾನು. ಜಂಬಿಟ್ಟಿಗೆ ಮೆದುವಾದ, ತೂತು ತೂತಾದ ಕಲ್ಲು. ಮಳೆಯ ನೀರನ್ನು ಅದು ಹೀರುತ್ತದೆ, ನಿಧಾನವಾಗಿ ಬಿಟ್ಟುಕೊಡುತ್ತದೆ. ಆ ಕಾಲದ ಕಸುಬುದಾರರು ಯಾವ ಭೂಗರ್ಭಶಾಸ್ತ್ರದ ಪುಸ್ತಕವನ್ನೂ ಓದಿರಲಿಕ್ಕಿಲ್ಲ. ಆದರೆ ಯಾವ ಕಲ್ಲಿನಲ್ಲಿ ನೀರು ನಿಲ್ಲುತ್ತದೆಂಬುದನ್ನು ಬಲ್ಲವರಾಗಿದ್ದರು.

ಕಾಳಿನ ಪ್ರಶ್ನೆಗೆ ಉತ್ತರ ಬೇಕಾದರೆ ನಮ್ಮ ಕಣಿವೆಯನ್ನು ಬಿಟ್ಟು ಕೊಲ್ಹಾಪುರದಿಂದ ಸುಮಾರು 20 ಕಿಲೋಮೀಟರ್ ದೂರದ ಪನ್ಹಾಳಕ್ಕೆ ಹೋಗಬೇಕು. ಅದು ಈ ಎಲ್ಲ ಕೋಟೆಗಳಿಗೆ ಹಿರಿಯಣ್ಣ; ಅದರ ಸುತ್ತಳತೆಯೇ ಏಳು ಕಿಲೋಮೀಟರಿಗೂ ಹೆಚ್ಚು. ಅಲ್ಲಿಯ ಅಂಬರಖಾನೆಯೆಂಬ ಕಣಜದಲ್ಲಿ ಗಂಗಾ, ಯಮುನಾ, ಸರಸ್ವತಿ ಎಂಬ ಮೂರು ಕೋಠಿಗಳಿವೆ. ಗಂಗಾ ಕೋಠಿಯೊಂದರಲ್ಲಿಯೇ 25,000 ಖಂಡಿ ಧಾನ್ಯ ಹಿಡಿಯುತ್ತಿತ್ತೆಂದು ಹೇಳುತ್ತಾರೆ. ಹೊರಗಿನ ಮೆಟ್ಟಿಲುಗಳಿಂದ ಮಾಳಿಗೆಗೆ ಹತ್ತಿ, ಮಾಳಿಗೆಯ ತೂತುಗಳಿಂದ ಕಾಳನ್ನು ಒಳಗೆ ಸುರಿಯುತ್ತಿದ್ದರು. ನಮ್ಮ ಊರ ಹಗೇವುಗಳಿಗೂ ಮೇಲಿನಿಂದಲೇ ತುಂಬುವುದಲ್ಲವೇ? 1660ರಲ್ಲಿ ವಿಜಾಪುರದ ಸೇನಾನಿ ಸಿದ್ದಿ ಜೌಹರನು ತಿಂಗಳುಗಟ್ಟಲೆ ಮುತ್ತಿಗೆ ಹಾಕಿದಾಗ ಶಿವಾಜಿ ಮಹಾರಾಜರು ತಡೆದು ನಿಂತದ್ದು ಕತ್ತಿಯ ಬಲದಿಂದ ಮಾತ್ರವಲ್ಲ, ಈ ಕಣಜದ ಬಲದಿಂದ ಕೂಡ. ಮುತ್ತಿಗೆ ಹಾಕಿದವರು ನೀರಿಗೆ ವಿಷ ಬೆರೆಸುವ ಭಯವೂ ಇತ್ತು. ಅದಕ್ಕೆಂದೇ ಆದಿಲಶಾಹಿಯವರು ಅಲ್ಲಿ ಬಾವಿಯನ್ನು ಮೂರು ಅಂತಸ್ತಿನ ಕಟ್ಟಡದೊಳಗೆ ಅಡಗಿಸಿ, ಕಾವಲಿನವರಿಗೆ ಗೋಡೆಯಲ್ಲಿ ಗೂಡುಗಳನ್ನು ಮಾಡಿದ್ದರು. ಅದೇ 'ಅಂಧಾರ ಬಾವಡಿ', ಅಂದರೆ ಕತ್ತಲೆಯ ಬಾವಿ.

ಇನ್ನು ಕೊನೆಯ ಪ್ರಶ್ನೆ: ಕಾದವರು ಯಾರು? ರಾಜರ ಹೆಸರು ಪಠ್ಯಪುಸ್ತಕದಲ್ಲಿ ಬರುತ್ತದೆ. ವರ್ಷವಿಡೀ ಮಳೆ ಗಾಳಿಗಳಲ್ಲಿ ಬುರುಜಿನ ಮೇಲೆ ನಿಂತವರ ಹೆಸರು ಬರುವುದಿಲ್ಲ. ಅವರನ್ನು ಗಡಕರಿಗಳೆಂದು ಕರೆಯುತ್ತಿದ್ದರು. ತಂದೆಯ ನಂತರ ಮಗ ಅದೇ ಕೋಟೆಯನ್ನು ಕಾಯಬೇಕು. ಅದಕ್ಕೆ ಪ್ರತಿಯಾಗಿ ಇನಾಮು ಹೊಲ. 1844ರಲ್ಲಿ ಕೊಲ್ಹಾಪುರದ ಅರಸರು ಚಿಕ್ಕವರಿದ್ದರು. ಆಡಳಿತ ಬ್ರಿಟಿಷರು ನೇಮಿಸಿದ ದಾಜಿ ಕೃಷ್ಣ ಪಂಡಿತನ ಕೈಯಲ್ಲಿತ್ತು. ಗಡಕರಿಗಳ ಹೊಲಗಳ ವ್ಯವಸ್ಥೆಯನ್ನು ಮಾಮಲೇದಾರರಿಗೆ ಒಪ್ಪಿಸುವ ಏರ್ಪಾಡಾದಾಗ, ಹೊಲವೇ ಕೈಬಿಟ್ಟು ಹೋಗುವುದೆಂದು ಅವರು ಕಳವಳಪಟ್ಟರು. ಸಾಮಾನಗಡ ಮತ್ತು ಭೂದರಗಡಗಳ ಗಡಕರಿಗಳು ಕೋಟೆಯ ಬಾಗಿಲು ಹಾಕಿಕೊಂಡು ಬಂಡೆದ್ದರು. ಬಂಡಾಯ ಪನ್ಹಾಳ, ಸಾವಂತವಾಡಿಗಳವರೆಗೂ ಹಬ್ಬಿತು. ಬ್ರಿಟಿಷ್ ಅಧಿಕಾರಿ ಕರ್ನಲ್ ಓವನ್ಸ್‌ನನ್ನು ಹಿಡಿದು ಪನ್ಹಾಳದಲ್ಲಿ ಸೆರೆಯಿಟ್ಟರು. ಕೊನೆಗೆ ಜನರಲ್ ಡೆಲಾಮೋಟನ ಸೈನ್ಯವು ಅಕ್ಟೋಬರ್ 13ರಂದು ಸಾಮಾನಗಡವನ್ನೂ, ಡಿಸೆಂಬರ್ 1ರಂದು ಪನ್ಹಾಳವನ್ನೂ ಗೆದ್ದುಕೊಂಡಿತು. ಕಿತ್ತೂರಿನ ಚೆನ್ನಮ್ಮ ರಾಣಿಯ ಕಾಳಗ 1824ರಲ್ಲಿ ನಡೆದದ್ದು. ಅದರ ಇಪ್ಪತ್ತೇ ವರ್ಷಗಳ ಮೇಲೆ, ನಮ್ಮ ಗಡಹಿಂಗ್ಲಜದ ಮಗ್ಗುಲಲ್ಲಿಯೇ, ಸಾಮಾನ್ಯ ಕಾವಲುಗಾರರು ತಮ್ಮ ಅನ್ನಕ್ಕಾಗಿ ಹೋರಾಡಿದರೆಂಬುದನ್ನು ನಮ್ಮಲ್ಲಿ ಎಷ್ಟು ಜನ ಬಲ್ಲರು?

ಗೆದ್ದವರು ಮತ್ತೆ ಬಂಡಾಯವೇಳದಂತೆ ಕೋಟೆಗಳನ್ನು ಕೆಡವಿದರು. ಪನ್ಹಾಳದ ಚಾರ ದರವಾಜೆ ಮಣ್ಣುಪಾಲಾದದ್ದು ಆಗಲೇ. ಆದ್ದರಿಂದ ಸಾಮಾನಗಡದಲ್ಲಿ ಬಿದ್ದ ಗೋಡೆಯನ್ನು ಕಂಡು "ಇಲ್ಲಿ ನೋಡುವಂಥದೇನೂ ಇಲ್ಲ" ಎನ್ನಬೇಡಿರಿ. ಆ ಬಿದ್ದ ಕಲ್ಲುಗಳೇ ಕಥೆ.

2025ರ ಜುಲೈಯಲ್ಲಿ ಯುನೆಸ್ಕೊ ಸಂಸ್ಥೆಯು ಮರಾಠರ ಹನ್ನೆರಡು ಕೋಟೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅವುಗಳಲ್ಲಿ ನಮ್ಮ ಪನ್ಹಾಳವೂ ಒಂದು. ರೈನ್ ಕಣಿವೆಗೆ ಸಂದ ಗೌರವ ನಮ್ಮ ಗುಡ್ಡಕ್ಕೂ ಸಂದಿತು. ಇದು ಹೆಮ್ಮೆಯ ಮಾತು. ಆದರೆ ಸಾಮಾನಗಡ, ವಲ್ಲಭಗಡಗಳು ಆ ಪಟ್ಟಿಯಲ್ಲಿಲ್ಲ. ಜಗತ್ತಿನ ಕಣ್ಣು ಅವುಗಳ ಮೇಲೆ ಇಲ್ಲದಿರುವಾಗ, ಅವುಗಳನ್ನು ಕಾಯಬೇಕಾದವರು ಯಾರು? ಸುತ್ತಲಿನ ಊರುಗಳ ನಾವೇ.

ಕೋಟೆಗೆ ಹೋಗುವ ವಿದ್ಯಾರ್ಥಿಗಳು ಕೆಲವು ನಿಯಮ ಪಾಲಿಸಿರಿ. ಮಳೆಗಾಲ ಮುಗಿದ ಮೇಲೆ, ಹಿರಿಯರ ಜೊತೆಗೆ ಹೋಗಿರಿ. ಕುಡಿಯುವ ನೀರು, ಗಟ್ಟಿಯಾದ ಚಪ್ಪಲಿ, ಒಂದು ನೋಟುಬುಕ್ಕು ಇರಲಿ. ಬಾವಿ, ಬುರುಜುಗಳ ಅಂಚಿಗೆ ಹೋಗಬೇಡಿರಿ. ಕಂಡದ್ದರ ನಕ್ಷೆ ಬರೆಯಿರಿ. ತೆಗೆದುಕೊಂಡು ಹೋದ ಪ್ಲಾಸ್ಟಿಕ್ಕನ್ನು ಮರಳಿ ತನ್ನಿರಿ. ಬಾವಿಯಲ್ಲಿ ಕಲ್ಲು ಎಸೆಯಬೇಡಿರಿ. ಗೋಡೆಯ ಮೇಲೆ ನಿಮ್ಮ ಹೆಸರು ಕೆತ್ತಬೇಡಿರಿ. ಆ ಗೋಡೆ ಕಟ್ಟಿದ ಒಡ್ಡರಾಗಲಿ, ಕಾದ ಗಡಕರಿಗಳಾಗಲಿ ತಮ್ಮ ಹೆಸರನ್ನು ಅಲ್ಲಿ ಕೆತ್ತಿಕೊಳ್ಳಲಿಲ್ಲ.

ಪಾಲಕರಲ್ಲಿಯೂ ಒಂದು ವಿನಂತಿ. ಬರುವ ಸೂಟಿಯಲ್ಲಿ ಒಂದು ದಿನ ಮಕ್ಕಳನ್ನು ಹತ್ತಿರದ ಗಡಕ್ಕೆ ಕರೆದುಕೊಂಡು ಹೋಗಿರಿ. ಅವರ ನಾಲ್ಕು ಪ್ರಶ್ನೆಗಳಿಗೆ ಉತ್ತರ ಗೊತ್ತಿಲ್ಲದಿದ್ದರೆ ಚಿಂತೆಯಿಲ್ಲ, ಕೂಡಿಯೇ ಹುಡುಕಿರಿ.