ಮುಳುಗುವ ಹಡಗನ್ನು ದಡ ಸೇರಿಸಿದವರು

1942ರ ಜೂನ್ 4ರಂದು ಮಿಡ್‌ವೇ ಕದನದಲ್ಲಿ ಅಮೆರಿಕದ ವಿಮಾನವಾಹಕ ನೌಕೆ ಯಾರ್ಕ್‌ಟೌನ್ ಬಲವಾದ ಪೆಟ್ಟು ತಿಂದು ಒಂದು ಬದಿಗೆ ವಾಲಿತು. ನಾವಿಕರು ಹಡಗು ಬಿಟ್ಟಿಳಿದರು. ಆದರೆ ರಾತ್ರಿ ಕಳೆದು ಬೆಳಗಾದರೂ ಅದು ಮುಳುಗಲಿಲ್ಲ. ಎಳೆದೊಯ್ದರೆ ಉಳಿಯುವಂತಿತ್ತು. ಎಳೆಯಲು ಸಿಕ್ಕಿದ್ದು ವಿರಿಯೊ ಮಾತ್ರ. ಮೊದಲ ಮಹಾಯುದ್ಧದ ಹೊತ್ತಿನ ವಿನ್ಯಾಸದ, ಕಡಲಿನ ಮೈನ್‌ಗಳನ್ನು ತೆಗೆಯಲೆಂದು ಕಟ್ಟಿದ ಹಳೆಯ ಹಡಗು ಅದು. ಇಪ್ಪತ್ತು ಸಾವಿರ ಟನ್‌ನ ಆ ಭಾರವನ್ನು ನೇರ ದಾರಿಯಲ್ಲಿ ಇಟ್ಟುಕೊಳ್ಳುವುದೇ ಅದಕ್ಕೆ ಕಷ್ಟವಾಯಿತು. ಜೂನ್ 6ರಂದು ಜಪಾನಿನ ಜಲಾಂತರ್ಗಾಮಿ ಐ-168 ಹುಡುಕಿಕೊಂಡು ಬಂದು ಟಾರ್ಪಿಡೊ ಬಿಟ್ಟಿತು. ಮರುದಿನ ಬೆಳಿಗ್ಗೆ ಯಾರ್ಕ್‌ಟೌನ್ ಮುಳುಗಿತು. ಗಟ್ಟಿಯಾದ ಒಂದು ಟಗ್ ಅಲ್ಲಿದ್ದಿದ್ದರೆ ಕಥೆಯೇ ಬೇರೆಯಾಗಬಹುದಿತ್ತು ಎಂದು ನನಗೆ ಬಲವಾಗಿ ಅನಿಸುತ್ತದೆ.

ಟಗ್ ಎಂದೊಡನೆ ನಮ್ಮ ಕರಾವಳಿಯವರಿಗೆ ನೆನಪಾಗುವುದು ಪಣಂಬೂರಿನ ಬಂದರಿನಲ್ಲಿ ದೊಡ್ಡ ಹಡಗುಗಳನ್ನು ಮೆಲ್ಲಗೆ ನೂಕಿ ದಕ್ಕೆಗೆ ತಾಗಿಸುವ ಗಿಡ್ಡ ದೋಣಿಗಳು. ಅಮೆರಿಕದ ನೌಕಾಪಡೆಯ ಸಾಗರ ಟಗ್‌ಗಳು ಹಾಗಲ್ಲ. ನಡುಗಡಲಿಗೇ ಹೋಗಿ ಕೆಲಸ ಮಾಡುವಂಥವು. 1940ರಲ್ಲಿ ಸೇವೆಗೆ ಇಳಿದ ನವಾಹೋ ಮತ್ತು ಅದರ ಅಚ್ಚಿನಲ್ಲೇ ಬಂದ ಟಗ್‌ಗಳು 205 ಅಡಿ ಉದ್ದ, 16 ನಾಟ್ ವೇಗ, ಸುಮಾರು 85 ಜನ ಸಿಬ್ಬಂದಿ. ಅಮೆರಿಕದ ಮೂಲನಿವಾಸಿ ಬುಡಕಟ್ಟುಗಳ ಹೆಸರುಗಳನ್ನು ಇವಕ್ಕೆ ಇಟ್ಟಿದ್ದರು: ಚೆರೊಕಿ, ಪಾನೀ, ಮನ್ಸೀ, ಜೂನಿ.

ಇವುಗಳ ಜಾಣ್ಮೆ ಇದ್ದದ್ದು ಹೊಟ್ಟೆಯೊಳಗೆ. ಡೀಸೆಲ್ ಎಂಜಿನ್‌ಗಳು ಪ್ರೊಪೆಲ್ಲರನ್ನು ನೇರವಾಗಿ ತಿರುಗಿಸುತ್ತಿರಲಿಲ್ಲ. ಅವು ವಿದ್ಯುತ್ ತಯಾರಿಸುತ್ತಿದ್ದವು, ಪ್ರೊಪೆಲ್ಲರ್ ತಿರುಗುತ್ತಿದ್ದದ್ದು ವಿದ್ಯುತ್ ಮೋಟರಿನಿಂದ. ಹಾಗಾಗಿ ನಿಂತಲ್ಲಿಂದಲೇ ಹದವಾಗಿ, ಇಷ್ಟಿಷ್ಟೇ ಬಲ ಏರಿಸಬಹುದಿತ್ತು. ಒಮ್ಮೆಲೇ ಜಗ್ಗಿದರೆ ಎಂಥ ಉಕ್ಕಿನ ಹಗ್ಗವೂ ಕಡಿದುಹೋಗುತ್ತದೆ. ಕಡಿದ ಹಗ್ಗ ಚಾಟಿಯಂತೆ ಹಿಂದಕ್ಕೆ ಬೀಸಿ ಬಂದರೆ ಡೆಕ್ಕಿನ ಮೇಲಿದ್ದವನ ಜೀವಕ್ಕೇ ಅಪಾಯ. ಅದಕ್ಕಾಗಿ ಹಗ್ಗವನ್ನು ಬಹಳ ಉದ್ದಕ್ಕೆ ಬಿಡುತ್ತಿದ್ದರು. ತನ್ನ ಭಾರಕ್ಕೆ ತಾನೇ ಜೋತು ಅದು ನೀರಿನೊಳಗೆ ಆಳವಾಗಿ ಬಾಗುತ್ತಿತ್ತು. ಅಲೆ ಬಂದು ಎರಡೂ ಹಡಗುಗಳನ್ನು ದೂರ ಸೆಳೆದಾಗ ಮೊದಲು ಆ ಬಾಗು ನೆಟ್ಟಗಾಗಬೇಕು. ಅಷ್ಟರಲ್ಲಿ ಅಲೆಯ ಹೊಡೆತದ ಬಿರುಸು ಇಳಿದಿರುತ್ತಿತ್ತು. ಹಗ್ಗವನ್ನು ಎಷ್ಟು ಬಿಡಬೇಕು, ಎಷ್ಟು ಸುತ್ತಿಕೊಳ್ಳಬೇಕು ಎಂಬುದನ್ನು ವಿಂಚಿನ ಬಳಿ ಹಗಲೂ ರಾತ್ರಿ ಕಾವಲಿದ್ದವರು ನೋಡಿಕೊಳ್ಳಬೇಕಿತ್ತು.

1944ರ ಅಕ್ಟೋಬರ್‌ನಲ್ಲಿ ಈ ವಿದ್ಯೆ ಒರೆಗೆ ಬಿತ್ತು. ಫಾರ್ಮೋಸಾ, ಅಂದರೆ ಇಂದಿನ ತೈವಾನ್ ಸಮೀಪ ಕ್ಯಾನ್‌ಬೆರಾ, ಹ್ಯೂಸ್ಟನ್ ಎಂಬ ಅಮೆರಿಕದ ಎರಡು ಕ್ರೂಸರ್‌ಗಳು ಟಾರ್ಪಿಡೊ ಏಟಿಗೆ ಎಂಜಿನ್ ನಿಂತು, ಸಾವಿರಾರು ಟನ್ ನೀರು ತುಂಬಿಕೊಂಡು ಶತ್ರುವಿನ ಬಾಗಿಲಲ್ಲೇ ಬಿದ್ದಿದ್ದವು. ಮೊದಲು ಬೇರೆ ಕ್ರೂಸರ್‌ಗಳು ಅವನ್ನು ಎಳೆದವು. ಆಮೇಲೆ ಕ್ಯಾನ್‌ಬೆರಾವನ್ನು ಮನ್ಸೀ, ಹ್ಯೂಸ್ಟನ್ನನ್ನು ಪಾನೀ ವಹಿಸಿಕೊಂಡವು. ವೇಗ ನಾಲ್ಕು ನಾಟ್‌ನ ಆಸುಪಾಸು. ಅಮೆರಿಕದ ಅಡ್ಮಿರಲ್ ಹಾಲ್ಸಿ ಈ ಗಾಯಾಳು ಹಡಗುಗಳನ್ನೇ ಗಾಳದ ಎರೆಯಾಗಿಸಿ ಜಪಾನಿ ನೌಕಾಪಡೆಯನ್ನು ಹೊರಗೆಳೆಯಲು ನೋಡಿದ. 16ರಂದು ಹ್ಯೂಸ್ಟನ್ನಿನ ಹಿಂಬದಿಗೆ ಮತ್ತೊಂದು ಟಾರ್ಪಿಡೊ ಬಡಿಯಿತು. ಹಗ್ಗ ಕತ್ತರಿಸಿಕೊಂಡು ಓಡಿದ್ದರೆ ಪಾನೀಯನ್ನು ಯಾರೂ ದೂರುತ್ತಿರಲಿಲ್ಲ. ಅದು ಬಿಡಲಿಲ್ಲ, ಎಳೆಯುತ್ತಲೇ ಇತ್ತು. ನಂತರ ಜೂನಿಯೂ ನೆರವಿಗೆ ಬಂತು. ಅಕ್ಟೋಬರ್ 27ರಂದು ಎರಡೂ ಕ್ರೂಸರ್‌ಗಳು ಪೆಸಿಫಿಕ್ ಸಾಗರದ ಉಲಿಥಿ ಹವಳದ್ವೀಪದ ಲಂಗರು ತಾಣ ತಲುಪಿದವು. ಅಂದು ಉಳಿದ ಕ್ಯಾನ್‌ಬೆರಾ 1956ರಲ್ಲಿ ಕ್ಷಿಪಣಿ ಕ್ರೂಸರ್ ಆಗಿ ಮರುಹುಟ್ಟು ಪಡೆದು, ವಿಯೆಟ್ನಾಂ ಯುದ್ಧದವರೆಗೂ ದುಡಿಯಿತು.

ಜೂನಿಗೆ ಪುರುಸೊತ್ತು ಸಿಗಲಿಲ್ಲ. ಮರುತಿಂಗಳೇ ರೆನೊ ಎಂಬ ಇನ್ನೊಂದು ಕ್ರೂಸರ್ ಟಾರ್ಪಿಡೊಗೆ ತುತ್ತಾಯಿತು. ಅದನ್ನು 1,500 ಮೈಲಿ ಎಳೆದು ಉಲಿಥಿಗೆ ತಂದದ್ದು ಜೂನಿ. ಯುದ್ಧ ಮುಗಿದ ಮೇಲೆ, 1946ರಲ್ಲಿ, ಅದು ಅಮೆರಿಕದ ಕೋಸ್ಟ್ ಗಾರ್ಡ್‌ಗೆ ಸೇರಿ ಟಮರೋವಾ ಎಂಬ ಹೆಸರು ಹೊತ್ತಿತು. 1991ರ ಅಕ್ಟೋಬರ್ ಕೊನೆಯಲ್ಲಿ ಅಟ್ಲಾಂಟಿಕ್‌ನಲ್ಲಿ ಎದ್ದ ಮಹಾ ಬಿರುಗಾಳಿಯಲ್ಲಿ, ಇಂಧನ ಮುಗಿದು ಕಡಲಿಗಿಳಿದ ಹೆಲಿಕಾಪ್ಟರಿನ ಐವರಲ್ಲಿ ನಾಲ್ವರನ್ನು ಈ ಮುದಿ ಟಗ್ಗೇ ಮೇಲೆತ್ತಿಕೊಂಡಿತು. ಆಗ ಅದರ ವಯಸ್ಸು ಐವತ್ತರ ಹತ್ತಿರ. ‘ದಿ ಪರ್ಫೆಕ್ಟ್ ಸ್ಟಾರ್ಮ್’ ಸಿನಿಮಾ ನೋಡಿದವರಿಗೆ ಆ ಬಿರುಗಾಳಿಯ ಪರಿಚಯ ಇದ್ದೇ ಇರುತ್ತದೆ.

1994ರಲ್ಲಿ ಟಮರೋವಾ ನಿವೃತ್ತಿಯಾಯಿತು. ಅದನ್ನು ಸ್ಮಾರಕವಾಗಿ ಉಳಿಸಲು ಹಲವರು ವರ್ಷಗಟ್ಟಲೆ ಒದ್ದಾಡಿದರು. ತಳ ಸೋರತೊಡಗಿತು, ಪ್ರಯತ್ನ ಕೈಗೂಡಲಿಲ್ಲ. 2017ರ ಮೇ ತಿಂಗಳಲ್ಲಿ ಅದನ್ನು ಅಮೆರಿಕದ ಪೂರ್ವ ಕರಾವಳಿಯಾಚೆ, ಮೀನುಗಳಿಗೆ ಕೃತಕ ಬಂಡೆಯಾಗಲೆಂದು ಮುಳುಗಿಸಿದರು. ಅಮೆರಿಕದ ಬಂದರುಗಳಲ್ಲಿ ಎರಡನೇ ಮಹಾಯುದ್ಧದ ವಿಮಾನವಾಹಕಗಳೂ ಫಿರಂಗಿ ಹೊತ್ತ ಹಡಗುಗಳೂ ಇಂದು ವಸ್ತುಸಂಗ್ರಹಾಲಯಗಳಾಗಿ ನಿಂತಿವೆ. ಜೂನಿಗೂ ಅವುಗಳ ಪಕ್ಕದಲ್ಲಿ ಜಾಗ ಸಿಗಬೇಕಿತ್ತು.